ದಿನಕ್ಕೆ ಅರ್ಧ ಗಂಟೆ ಸಿಗದವರಿಗೆ ಹತ್ತು ಹತ್ತು ನಿಮಿಷದ ಲೆಕ್ಕ

ಪ್ರಶ್ನೆ: ನನಗೆ 43 ವರ್ಷ. ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ. ದಿನಾ ರೈಲಿನಲ್ಲಿ ಓಡಾಟ. ಬೆಳಗ್ಗೆ 5ಕ್ಕೆ ಎದ್ದು ತಿಂಡಿ ಮಾಡಿ, ನಾಲ್ಕು ಡಬ್ಬಿ ಕಟ್ಟಿ, ಮಕ್ಕಳನ್ನು ಹೊರಡಿಸಿ 7ಕ್ಕೆಲ್ಲ ಸ್ಟೇಷನ್‌ನಲ್ಲಿ ಇರಬೇಕು. ವಾಪಸ್ ಮನೆ ಸೇರುವಾಗ ರಾತ್ರಿ 8. ಅಡುಗೆ, ಊಟ, ಪಾತ್ರೆ ಎಲ್ಲ ಮುಗಿದು ಮಲಗುವಾಗ 11. ಹೋದ ತಿಂಗಳು ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 6.1, ಬಿಪಿ 136/86 ಬಂತು. ಡಾಕ್ಟರು ಮಾತ್ರೆ ಕೊಡಲಿಲ್ಲ. ದಿನಾ ಅರ್ಧ ಗಂಟೆ ವಾಕ್ ಮಾಡಿ, ಸ್ವಲ್ಪ ಯೋಗ ಮಾಡಿ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಅಂದರು. 4 ಗಂಟೆಗೆ ಅಲಾರಂ ಇಟ್ಟು ಯೋಗ ಶುರು ಮಾಡಿದೆ, ಎರಡು ವಾರಕ್ಕೆ ನಿಂತುಹೋಯಿತು. ನಮ್ಮ ಅತ್ತೆ "ಇಷ್ಟೊಂದು ಮನೆಕೆಲಸ ಮಾಡುವವಳಿಗೆ ಬೇರೆ ವ್ಯಾಯಾಮ ಯಾಕೆ" ಅಂತಾರೆ. ಅಲ್ಲಲ್ಲಿ ಐದು ಹತ್ತು ನಿಮಿಷ ಏನಾದರೂ ಮಾಡಿದರೆ ನಿಜವಾಗಿ ಪ್ರಯೋಜನ ಇದೆಯಾ? ಇಲ್ಲ, ಅದು ಸುಮ್ನೆ ಮನಸ್ಸಿನ ಸಮಾಧಾನಕ್ಕಾ?

ಉತ್ತರ: ಪ್ರಯೋಜನ ಇದೆ. ಅದರಲ್ಲೂ ಗಡಿಯಲ್ಲಿ ಸಕ್ಕರೆ ಇರುವ, ಅಂದರೆ ಸಕ್ಕರೆ ಏರಿದ್ದರೂ ಇನ್ನೂ ಕಾಯಿಲೆಯ ಮಟ್ಟ ಮುಟ್ಟದ ನಿಮ್ಮಂಥವರಿಗೆ, ಅರ್ಧ ಗಂಟೆಯನ್ನು ಒಂದೇ ಸಲ ನಡೆಯುವುದಕ್ಕಿಂತ ಒಡೆದು ನಡೆಯುವುದೇ ಒಂದು ಕೈ ಮೇಲು ಅನ್ನಿಸುವಷ್ಟು ಆಧಾರ ಇದೆ. ಅದನ್ನು ವಿವರವಾಗಿ ಹೇಳ್ತೀನಿ. ಆದರೆ ಮೊದಲು ಆ 4 ಗಂಟೆಯ ಅಲಾರಂ ತೆಗೆದುಬಿಡಿ.

11ಕ್ಕೆ ಮಲಗಿ 5ಕ್ಕೆ ಏಳುವ ನಿಮಗೆ ಸಿಗುತ್ತಿರುವುದೇ ಆರು ಗಂಟೆ ನಿದ್ದೆ. ಬೇಕಾಗಿರುವುದು ಏಳು. ಅದರಲ್ಲೇ ಇನ್ನೊಂದು ಗಂಟೆ ಕಿತ್ತು ಯೋಗಕ್ಕೆ ಕೊಟ್ಟರೆ, ಯಾವ ಸಕ್ಕರೆ ಇಳಿಸಲು ಹೊರಟಿದ್ದೀರೋ ಅದೇ ಏರುವ ಹಾದಿ ಹಿಡಿಯುತ್ತದೆ. 1999ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರನ್ನು ಸತತ ಆರು ರಾತ್ರಿ ಬರೀ ನಾಲ್ಕು ಗಂಟೆ ಮಲಗಿಸಿ ಪರೀಕ್ಷಿಸಿದರು. ಅಷ್ಟಕ್ಕೇ ಅವರ ದೇಹ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ಚೆನ್ನಾಗಿ ಕುಗ್ಗಿತ್ತು. ಅವರು ಹುಡುಗರು, ಕಾಯಿಲೆ ಏನೂ ಇಲ್ಲದವರು. ನಿಮ್ಮ ಯೋಗ ಎರಡು ವಾರಕ್ಕೆ ನಿಂತಿದ್ದು ಸೋಮಾರಿತನದಿಂದ ಅಲ್ಲ, ನಿದ್ದೆ ಕೆಟ್ಟ ದೇಹ ಅದನ್ನು ನಿಲ್ಲಿಸಿತು. ಮುಂದೆ ಹೇಳುವ ಯಾವುದಕ್ಕೂ ನೀವು ಐದು ನಿಮಿಷ ಮುಂಚೆ ಏಳಬೇಕಾಗಿಲ್ಲ.

ಈ "ಐದು ನಿಮಿಷ ಲೆಕ್ಕಕ್ಕೆ ಬರುತ್ತಾ" ಅನ್ನುವ ಅನುಮಾನ ನಿಮ್ಮೊಬ್ಬರದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಮೊದಲು ಹಾಗೇ ಹೇಳುತ್ತಿತ್ತು. ಅದರ 2010ರ ಮಾರ್ಗಸೂಚಿಯಲ್ಲಿ, ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಅದು ವ್ಯಾಯಾಮದ ಲೆಕ್ಕಕ್ಕೆ ಸೇರುತ್ತಿತ್ತು. 2020ರಲ್ಲಿ ಆ ಷರತ್ತು ತೆಗೆದರು. ವಾರಕ್ಕೆ 150 ನಿಮಿಷ ಅನ್ನುವ ಗುರಿ ಹಾಗೇ ಇದೆ. ಅದನ್ನು ಎಷ್ಟು ತುಂಡು ಮಾಡಿದರೂ ನಡೆಯುತ್ತದೆ, ಒಟ್ಟು ಕೂಡಿದರೆ ಸಾಕು.

ಈಗ ನಿಮ್ಮ ಸಕ್ಕರೆ ವಿಷಯ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಲು ಶುರುವಾಗಿ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಅದು ತುದಿ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಕಾಲು ಆಡಿದರೆ ಕಾಲಿನ ದೊಡ್ಡ ಸ್ನಾಯುಗಳು ಇನ್ಸುಲಿನ್‌ಗೆ (ರಕ್ತದ ಸಕ್ಕರೆಯನ್ನು ಜೀವಕೋಶಗಳ ಒಳಗೆ ಸೇರಿಸುವ ಹಾರ್ಮೋನ್) ಕಾಯದೆ ರಕ್ತದಿಂದ ನೇರವಾಗಿ ಸಕ್ಕರೆ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲೂ ಈ ಎರಡನೇ ದಾರಿ ತೆರೆದೇ ಇರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಡೆದಾಗ ಬೇರೆ ಲಾಭಗಳಿವೆ, ಆದರೆ ಮಧ್ಯಾಹ್ನದ ಅನ್ನದ ಸಕ್ಕರೆ ಏರುವ ಹೊತ್ತಿಗೆ ನೀವು ಕುರ್ಚಿಯಲ್ಲೇ ಕೂತಿರುತ್ತೀರಿ, ಅಲ್ವಾ?

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಸರಿಯಾಗಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಸಕ್ಕರೆ ಕಾಯಿಲೆ ಇದ್ದ 41 ಜನರನ್ನು ತೆಗೆದುಕೊಂಡು, ಎರಡು ವಾರ "ದಿನಕ್ಕೆ 30 ನಿಮಿಷ, ಯಾವಾಗ ಬೇಕಾದರೂ ನಡೆಯಿರಿ" ಅಂದರು. ಇನ್ನೆರಡು ವಾರ "ಮೂರು ಹೊತ್ತಿನ ಊಟ ಆದಮೇಲೂ ಹತ್ತು ಹತ್ತು ನಿಮಿಷ ನಡೆಯಿರಿ" ಅಂದರು. ಒಟ್ಟು ಸಮಯ ಎರಡರಲ್ಲೂ ಒಂದೇ. ಆದರೂ ಊಟದ ನಂತರದ ಸಕ್ಕರೆ, ಒಡೆದು ನಡೆದಾಗ ಸರಾಸರಿ 12% ಕಡಿಮೆ ಬಂತು. ರಾತ್ರಿ ಊಟದ ನಂತರ ನೋಡಿದರೆ ಈ ವ್ಯತ್ಯಾಸ 22%. ರಾತ್ರಿಯೇ ಯಾಕೆ ಜಾಸ್ತಿ ಅಂದರೆ, ಅವರೂ ರಾತ್ರಿಯೇ ಹೆಚ್ಚು ಪಿಷ್ಟ ತಿನ್ನುತ್ತಿದ್ದರು, ತಿಂದು ಕೂತುಬಿಡುತ್ತಿದ್ದರು. ನಮ್ಮ ಮನೆಗಳ ಕಥೆಯೂ ಅದೇ. ಅವರಿಗೆ ಕಾಯಿಲೆ ಆಗಲೇ ಬಂದಿತ್ತು, ನೀವಿನ್ನೂ ಗಡಿಯಲ್ಲಿದ್ದೀರಿ, ಅದು ನಿಜ. ಗಡಿಯಲ್ಲಿದ್ದ 60 ದಾಟಿದವರ ಮೇಲೆ 2013ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ನಡೆದಿತ್ತು, ಬರೀ 10 ಜನರದ್ದು. ಅದರಲ್ಲೂ ಪ್ರತಿ ಊಟದ ನಂತರದ 15 ನಿಮಿಷದ ನಡಿಗೆ ರಾತ್ರಿಯ ಸಕ್ಕರೆಯನ್ನು ಚೆನ್ನಾಗಿ ಇಳಿಸಿತ್ತು.

ಹಾಗಾಗಿ ನಿಮ್ಮ ದಿನದಲ್ಲಿ ಮೂರು ಕಡೆ ಹತ್ತು ನಿಮಿಷ ಹುಡುಕೋಣ.

ಬೆಳಗಿನದ್ದು ಸುಲಭ. ತಿಂಡಿಯನ್ನು ಮನೆಯಲ್ಲೇ ತಿಂದು ಹೊರಡಿ. ನಿಮ್ಮಂತೆ ದಿನಾ ಓಡಾಡುವ ಎಷ್ಟೋ ಹೆಂಗಸರು ಎಲ್ಲರ ಡಬ್ಬಿ ಕಟ್ಟಿ, ತಮ್ಮ ತಿಂಡಿಯನ್ನು ರೈಲಿನಲ್ಲೋ ಆಫೀಸಿನಲ್ಲೋ ಹತ್ತು ಗಂಟೆಗೆ ತಿನ್ನುತ್ತಾರೆ. ನೀವೂ ಹಾಗೆ ಮಾಡುತ್ತಿದ್ದರೆ ಅದನ್ನು ಬಿಡಿ. ಮನೆಯಲ್ಲಿ ತಿಂದರೆ, ಸ್ಟೇಷನ್‌ವರೆಗಿನ ನಡಿಗೆ ತಾನಾಗೇ ಊಟದ ನಂತರದ ನಡಿಗೆ ಆಗುತ್ತದೆ. ಆಟೊದಲ್ಲಿ ಬರುವುದಾದರೆ ಪ್ಲಾಟ್‌ಫಾರಂ ಇದೆ. ರೈಲು ಬರುವ ತನಕ ಬೆಂಚು ಹುಡುಕುವ ಬದಲು ಈ ತುದಿಯಿಂದ ಆ ತುದಿಗೆ ಓಡಾಡಿ. ತಡವಾಗಿ ಬರುವ ರೈಲಿನಿಂದ ಇದೊಂದು ಉಪಕಾರ.

ಮಧ್ಯಾಹ್ನ, ಡಬ್ಬಿ ಮುಚ್ಚಿದ ತಕ್ಷಣ ಎದ್ದುಬಿಡಿ. ಡಬ್ಬಿ ತೊಳೆಯಲು ಒಂದು ಮಹಡಿ ಕೆಳಗಿನ ನಲ್ಲಿಗೆ ಹೋಗಿ, ಕಚೇರಿಯ ಕಾಂಪೌಂಡಿಗೆ ಎರಡು ಸುತ್ತು ಹಾಕಿ. ಬಿರುಸಾಗಿ ನಡೆಯಬೇಕೆಂದೇನಿಲ್ಲ. ಮೆಲ್ಲಗೆ ನಡೆದರೂ, ಎರಡರಿಂದ ಐದು ನಿಮಿಷ ನಡೆದರೂ ಕೂತಿರುವುದಕ್ಕೆ ಹೋಲಿಸಿದರೆ ಸಕ್ಕರೆ ಕಡಿಮೆ ಏರುತ್ತದೆ ಅಂತ 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಜೊತೆಗೆ ಊಟ ಮಾಡುವವರನ್ನೂ ಎಬ್ಬಿಸಿಕೊಂಡು ಹೋಗಿ. ಕಚೇರಿಯ ಹರಟೆಯನ್ನು ನಡೆಯುತ್ತಲೂ ಹೊಡೆಯಬಹುದು.

ರಾತ್ರಿಯದ್ದು ಕಷ್ಟ. ಅಲ್ಲೇ ಲಾಭ ಜಾಸ್ತಿ, ಅಲ್ಲೇ ನಿಮಗೆ ಪಾತ್ರೆ. ಇಲ್ಲಿ ಸ್ವಲ್ಪ ನೇರವಾಗಿ ಮಾತಾಡ್ತೀನಿ. ನಿಮ್ಮ ಪತ್ರದಲ್ಲಿ ಮಕ್ಕಳು ಬಂದರು, ಅತ್ತೆ ಬಂದರು, ಡಬ್ಬಿಗಳು ಬಂದವು. ಯಜಮಾನರ ಮಾತೇ ಇಲ್ಲ. ನಾಲ್ಕು ಡಬ್ಬಿಯಲ್ಲಿ ಒಂದು ಅವರದ್ದೇ ಇರಬೇಕು. ಊಟ ಮುಗಿದ ಮೇಲೆ ಪಾತ್ರೆ ಅವರು ತೊಳೆಯಲಿ, ಇಲ್ಲವೇ ದೊಡ್ಡ ಮಗುವಿಗೆ ಅಷ್ಟು ವಯಸ್ಸಾಗಿದ್ದರೆ ಅದು ತೊಳೆಯಲಿ. ಆ ಹತ್ತು ನಿಮಿಷ ನೀವು ತಾರಸಿಯ ಮೇಲೋ ಮನೆ ಮುಂದಿನ ರಸ್ತೆಯಲ್ಲೋ ನಡೆಯಿರಿ. ಕೇಳುವುದು ಕಷ್ಟ ಅನ್ನಿಸಿದರೆ ಡಾಕ್ಟರು ಬರೆದುಕೊಟ್ಟಿದ್ದಾರೆ ಅಂತ ಹೇಳಿ. ಮಾತ್ರೆ ನುಂಗುವುದಕ್ಕೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ, ಈ ಹಂತದಲ್ಲಿ ನಡಿಗೆಯೇ ನಿಮ್ಮ ಮಾತ್ರೆ. ನನ್ನ ಬಳಿ ಬರುವ ಹೆಂಗಸರಿಗೆ ಚೀಟಿಯಲ್ಲೇ "ರಾತ್ರಿ ಊಟದ ನಂತರ 10 ನಿಮಿಷ ನಡಿಗೆ" ಅಂತ ಬರೆದು ಸಹಿ ಹಾಕಿ ಕೊಡ್ತೀನಿ, ಫ್ರಿಜ್ ಮೇಲೆ ಅಂಟಿಸಿಕೊಳ್ಳಿ ಅಂತ. ತಮಾಷೆಗಲ್ಲ. ಬಹಳ ಮನೆಗಳಲ್ಲಿ ಹೆಂಡತಿಯ ಮಾತಿಗಿಂತ ಚೀಟಿಗೆ ಬೆಲೆ ಜಾಸ್ತಿ.

ಅತ್ತೆಯವರ ಮಾತಿಗೆ ಬರೋಣ. ಅವರು ಹೇಳಿದ್ದು ಅರ್ಧ ನಿಜ. ಗುಡಿಸುವುದು, ಒರೆಸುವುದು, ಬಟ್ಟೆ ಹಿಂಡುವುದು ಇವೆಲ್ಲ ದೇಹದ ಚಲನೆಯೇ, ಕೂತಿರುವುದಕ್ಕಿಂತ ಖಂಡಿತ ಮೇಲು. ಅವರ ಕಾಲದಲ್ಲಿ ನೀರು ಸೇದಿ, ಒರಳಲ್ಲಿ ರುಬ್ಬಿ, ನೆಲದ ಮೇಲೆ ಕೂತು ಎದ್ದು ಮಾಡುತ್ತಿದ್ದ ಕೆಲಸಕ್ಕೆ ಈ ಮಾತು ಪೂರ್ತಿ ಒಪ್ಪುತ್ತಿತ್ತು. ಈಗಿನ ಅಡುಗೆಮನೆಯಲ್ಲಿ ಎಲ್ಲ ಸೊಂಟದ ಎತ್ತರಕ್ಕೆ ಬಂದಿದೆ. ನಿಂತು ನಿಂತು ಕಾಲು ನೋಯುತ್ತದೆ, ಆದರೆ ಉಸಿರು ಏರುವುದಿಲ್ಲ, ತೊಡೆಗೆ ಭಾರ ಬೀಳುವುದಿಲ್ಲ. ಸುಸ್ತಾಗುವುದೂ ವ್ಯಾಯಾಮ ಆಗುವುದೂ ಬೇರೆ ಬೇರೆ. ಹೆಂಗಸರಿಗೆ ನಲವತ್ತು ದಾಟಿ ಮುಟ್ಟು ನಿಲ್ಲುವ ಹೊತ್ತಿಗೆ ಸ್ನಾಯು ಮತ್ತು ಮೂಳೆ ಎರಡೂ ಸವೆಯಲು ಶುರುವಾಗುತ್ತವೆ. ಅದನ್ನು ನಿಧಾನ ಮಾಡಲು ಭಾರ ಹೊರುವ ಕೆಲಸ ಬೇಕು. ವಿಶ್ವ ಆರೋಗ್ಯ ಸಂಸ್ಥೆ ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅಂತ ಪ್ರತ್ಯೇಕವಾಗಿ ಹೇಳುತ್ತದೆ. ನಮ್ಮಲ್ಲಿ ವಾಕಿಂಗ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಇದರ ಬಗ್ಗೆ ಯಾರೂ ಮಾತಾಡಲ್ಲ.

ಇದಕ್ಕೆ ಜಿಮ್ ಬೇಡ. ಶಾಲೆಯಲ್ಲಿ ಮೇಷ್ಟ್ರು ಹೊಡೆಸುತ್ತಿದ್ದ ಬಸ್ಕಿ ಸಾಕು. ಕುಕ್ಕರ್ ಇಟ್ಟು ಮೂರು ವಿಷಲ್ ಕೂಗುವ ತನಕ ಹೇಗೂ ಅಲ್ಲೇ ನಿಂತಿರುತ್ತೀರಿ. ಆಗ ಹತ್ತು ಬಸ್ಕಿ, ಸ್ವಲ್ಪ ನಿಂತು ಇನ್ನೊಂದು ಹತ್ತು. ಮಂಡಿ ನೋವಿದ್ದರೆ ಹಿಂದೆ ಒಂದು ಕುರ್ಚಿ ಇಟ್ಟುಕೊಂಡು ಅದರ ಮೇಲೆ ಕೂತು ಕೈ ಊರದೆ ಏಳಿ, ಅದೂ ಬಸ್ಕಿಯೇ. ಆಮೇಲೆ ಅಡುಗೆ ಕಟ್ಟೆಯ ಅಂಚಿಗೆ ಎರಡೂ ಕೈ ಊರಿ, ಎರಡು ಹೆಜ್ಜೆ ಹಿಂದೆ ಸರಿದು, ಎದೆಯನ್ನು ಕಟ್ಟೆಯ ಹತ್ತಿರ ತಂದು ಹಿಂದಕ್ಕೆ ತಳ್ಳಿ. ಗರಡಿಮನೆಯ ದಂಡದ ಸುಲಭ ರೂಪ ಅದು. ವಾರಕ್ಕೆ ಎರಡೋ ಮೂರೋ ದಿನ ಇಷ್ಟು ಮಾಡಿ. ಸುಲಭ ಅನ್ನಿಸಿದ ಮೇಲೆ ಸಂಖ್ಯೆ ಏರಿಸಿ, ಅಥವಾ ಐದು ಕಿಲೋ ಅಕ್ಕಿ ಚೀಲವನ್ನು ಎದೆಗೆ ಅಪ್ಪಿಕೊಂಡು ಮಾಡಿ. ಒಲೆಯಿಂದ ದೂರ ನಿಂತು ಮಾಡಿ, ಸೆರಗು ದುಪಟ್ಟ ಸಿಕ್ಕಿಸಿಕೊಂಡಿರಿ.

ಬಿಪಿಗೆ ಇದೇ ಅಡುಗೆಮನೆಯಲ್ಲಿ ಇನ್ನೊಂದಿದೆ, ಇದು ನೋಡಲು ಏನೂ ಇಲ್ಲ ಅನ್ನಿಸುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಕಾಲು ಸ್ವಲ್ಪ ಮುಂದಿಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಭಂಗಿಗೆ ಜಾರಿ ಹಾಗೇ ನಿಲ್ಲುವುದು. 2023ರಲ್ಲಿ 270 ಅಧ್ಯಯನಗಳನ್ನು ಒಟ್ಟು ಮಾಡಿ, ಯಾವ ಬಗೆಯ ವ್ಯಾಯಾಮ ಬಿಪಿ ಎಷ್ಟು ಇಳಿಸುತ್ತದೆ ಅಂತ ಹೋಲಿಸಿದರು. ಹೀಗೆ ಅಲುಗಾಡದೆ ಬಿಗಿಹಿಡಿಯುವ ವ್ಯಾಯಾಮ ಮೊದಲ ಸ್ಥಾನಕ್ಕೆ ಬಂತು. ಮೇಲಿನ ಬಿಪಿ ಸರಾಸರಿ 8 ಪಾಯಿಂಟ್, ಕೆಳಗಿನದ್ದು 4 ಪಾಯಿಂಟ್ ಇಳಿದಿತ್ತು. ಸಾಮಾನ್ಯವಾಗಿ ಹೇಳುವ ಲೆಕ್ಕ ಇಷ್ಟು: ಒಂದು ಸಲಕ್ಕೆ ಎರಡು ನಿಮಿಷ, ನಡುವೆ ವಿಶ್ರಾಂತಿ ಕೊಟ್ಟು ನಾಲ್ಕು ಸಲ, ವಾರಕ್ಕೆ ಮೂರು ದಿನ. ಮೊದಲ ದಿನವೇ ಎರಡು ನಿಮಿಷ ಯಾರಿಗೂ ಆಗಲ್ಲ, ತೊಡೆ ಉರಿಯುತ್ತದೆ. 20 ಸೆಕೆಂಡಿನಿಂದ ಶುರು ಮಾಡಿ, ಪೂರ್ತಿ ಕೆಳಗೆ ಜಾರದೆ ಅರ್ಧಕ್ಕೇ ನಿಲ್ಲಿ. ಮುಖ್ಯವಾದ ಎಚ್ಚರಿಕೆ ಒಂದೇ, ಉಸಿರು ಬಿಗಿಹಿಡಿಯಬೇಡಿ. ಉಸಿರು ಕಟ್ಟಿದರೆ ಆ ಕ್ಷಣದಲ್ಲಿ ಬಿಪಿ ಏರುತ್ತದೆ. ಮಾಡುತ್ತಾ ಮಕ್ಕಳಿಗೆ ಮಗ್ಗಿ ಹೇಳಿಸಿ, ನಿಮ್ಮ ಉಸಿರೂ ತಾನಾಗಿ ಆಡುತ್ತದೆ. ಬಿಪಿ ನಿಮ್ಮಷ್ಟೇ ಅಲ್ಲದೆ ತುಂಬಾ ಏರಿರುವವರು, ಹೃದಯದ ತೊಂದರೆ ಇರುವವರು ಕೇಳದೆ ಇದನ್ನು ಮಾಡಬಾರದು.

ಇನ್ನು ಟೆನ್ಷನ್. "ಕಡಿಮೆ ಮಾಡಿಕೊಳ್ಳಿ" ಅಂದುಬಿಡುವುದು ನಮ್ಮ ಡಾಕ್ಟರುಗಳಿಗೆ ಸುಲಭ, ಹೇಗೆ ಅಂತ ಹೇಳುವುದಿಲ್ಲ. ನಿಮಗೆ ಒಂದು ಅನುಕೂಲ ಇದೆ, ರೈಲು. ಸುಮಾರು 70 ಕಿಲೋಮೀಟರ್ ದಾರಿಯಲ್ಲಿ ಯಾರೂ ನಿಮ್ಮನ್ನು ಚಟ್ನಿ ಕೇಳುವುದಿಲ್ಲ. ಅದರಲ್ಲಿ ಐದು ನಿಮಿಷ, ನಿಂತಿದ್ದರೂ ಸರಿ, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದು ಆರು ಎಣಿಸುವಷ್ಟು ಹೊತ್ತು ಬಿಡಿ. ಹೀಗೆ ಮಾಡಿದರೆ ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಆ ವೇಗದಲ್ಲಿ ಹೃದಯದ ಬಡಿತ ಮತ್ತು ರಕ್ತದೊತ್ತಡವನ್ನು ಹದದಲ್ಲಿಡುವ ನರಗಳ ವ್ಯವಸ್ಥೆ ಚೆನ್ನಾಗಿ ಸ್ಪಂದಿಸುತ್ತದೆ. ಇಟಲಿಯ ಸಂಶೋಧಕರು 2001ರಲ್ಲಿ ಒಂದು ಸೊಗಸಾದ ವಿಷಯ ಪ್ರಕಟಿಸಿದ್ದರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿದಾಗಲೂ, "ಓಂ ಮಣಿ ಪದ್ಮೇ ಹುಂ" ಅಂತ ಜಪಿಸಿದಾಗಲೂ ಉಸಿರು ತಾನಾಗೇ ನಿಮಿಷಕ್ಕೆ ಆರರ ಹತ್ತಿರ ಬರುತ್ತಿತ್ತು. ಎಣಿಸುವುದು ಬೇಜಾರು ಅನ್ನಿಸಿದರೆ ಗೊತ್ತಿರುವ ಯಾವುದಾದರೂ ಶ್ಲೋಕವನ್ನೋ ವಚನವನ್ನೋ ನಿಧಾನವಾಗಿ, ತುಟಿ ಮಾತ್ರ ಆಡುವ ಹಾಗೆ ಹೇಳಿಕೊಳ್ಳಿ. ಕೆಲಸ ಮಾಡುವುದು ಉದ್ದವಾಗಿ ಬಿಡುವ ಉಸಿರು. ಇದರಿಂದ ಬಿಪಿ ಇಳಿಯುವುದು ಸ್ವಲ್ಪ ಮಾತ್ರ, ದೊಡ್ಡದಾಗಿ ಏನೂ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಆದರೆ ಮೆಜೆಸ್ಟಿಕ್‌ನ ಗದ್ದಲಕ್ಕೆ ಇಳಿಯುವ ಮುಂಚೆ ತಲೆ ತಣ್ಣಗಿರುತ್ತದೆ.

ಮೆಜೆಸ್ಟಿಕ್ ಅಂದಮೇಲೆ, ಅಲ್ಲಿನ ಮೆಟ್ಟಿಲುಗಳನ್ನು ಬಿಡಬೇಡಿ. ವ್ಯಾಯಾಮವನ್ನೇ ಮಾಡದ ಬ್ರಿಟನ್ನಿನ ಸುಮಾರು 25,000 ಜನರ ಕೈಗೆ ಯಂತ್ರ ಕಟ್ಟಿ ಅವರ ಓಡಾಟ ಅಳೆದು, ಏಳು ವರ್ಷದ ತನಕ ಅವರ ಆರೋಗ್ಯ ಗಮನಿಸಿದ ಅಧ್ಯಯನ 2022ರಲ್ಲಿ ಬಂತು. ದಿನದಲ್ಲಿ ಮೂರು ಸಲ, ಒಂದೆರಡು ನಿಮಿಷದಷ್ಟು, ಏದುಸಿರು ಬರುವ ಹಾಗೆ ಮೆಟ್ಟಿಲು ಹತ್ತುವವರಲ್ಲೋ ಬಸ್ಸಿಗೆ ಓಡುವವರಲ್ಲೋ ಸಾವಿನ ಅಪಾಯ ಸುಮಾರು 40% ಕಡಿಮೆ ಕಂಡಿತು. ಈ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಮೊದಲೇ ಗಟ್ಟಿಮುಟ್ಟಾಗಿದ್ದವರೇ ಬಸ್ಸಿಗೆ ಓಡಿರಬಹುದು, ಇಂಥ ಅಧ್ಯಯನ ಅದನ್ನು ಪೂರ್ತಿ ಬೇರ್ಪಡಿಸಲಾರದು. ಆದರೂ ಎಸ್ಕಲೇಟರ್ ಪಕ್ಕದಲ್ಲೇ ಖಾಲಿ ಬಿದ್ದಿರುವ ಮೆಟ್ಟಿಲಿಗೆ ದುಡ್ಡು ಕೊಡಬೇಕಾಗಿಲ್ಲವಲ್ಲ, ಹತ್ತಿ. ಎದೆ ಹಿಡಿದ ಹಾಗೆ ಆದರೆ, ತಲೆ ಸುತ್ತಿದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಸೂರ್ಯ ನಮಸ್ಕಾರ, ಪ್ರಾಣಾಯಾಮ ಎಲ್ಲ ಬಿಡಬೇಕಾ ಅಂತ ಕೇಳಬಹುದು. ಬಿಡಬೇಕಾಗಿಲ್ಲ. ಭಾನುವಾರ ಮಾಡಿ, ರಜಾ ದಿನ ಮಾಡಿ, ಖುಷಿಯಿಂದ ಮಾಡಿ. ವಾರದ ದಿನಗಳಿಗೆ ಅದನ್ನು ಕಡ್ಡಾಯ ಮಾಡಿಕೊಂಡರೆ ಒಂದು ದಿನ ತಪ್ಪಿದಾಗ ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ಹತ್ತು ಸಾವಿರ ಹೆಜ್ಜೆಯ ಗುರಿಯನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಅದು 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದ ಸಂಖ್ಯೆ, ಡಾಕ್ಟರುಗಳು ಲೆಕ್ಕ ಹಾಕಿ ಕೊಟ್ಟಿದ್ದಲ್ಲ.

ಇವೆಲ್ಲವನ್ನೂ ಸೋಮವಾರದಿಂದಲೇ ಒಟ್ಟಿಗೆ ಶುರು ಮಾಡಬೇಡಿ, ದಯವಿಟ್ಟು. ಮೊದಲು ರಾತ್ರಿ ಊಟದ ನಂತರದ ನಡಿಗೆ ಒಂದೇ. ಅದು ಹಿಡಿತಕ್ಕೆ ಬಂದಮೇಲೆ ಮಧ್ಯಾಹ್ನದ್ದು, ಆಮೇಲೆ ಕುಕ್ಕರ್ ಹೊತ್ತಿನ ಬಸ್ಕಿ. 21 ದಿನ ಮಾಡಿದರೆ ರೂಢಿಯಾಗುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓದಿರುತ್ತೀರಿ. ಅದು 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ತನ್ನ ರೋಗಿಗಳನ್ನು ನೋಡಿ ಬರೆದ ಮಾತು ಬಾಯಿಂದ ಬಾಯಿಗೆ ಬದಲಾಗಿ ಬಂದದ್ದು. ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಹೊಸ ಕೆಲಸ ಯೋಚನೆಯಿಲ್ಲದೆ ತಾನಾಗೇ ಆಗುವ ಮಟ್ಟಕ್ಕೆ ಬರಲು ನಡುಮಟ್ಟದ ಲೆಕ್ಕ 66 ದಿನ. ಕೆಲವರಿಗೆ 18, ಇನ್ನು ಕೆಲವರಿಗೆ 254. ಅಂದರೆ ಹಬ್ಬ, ಪರೀಕ್ಷೆ, ನೆಂಟರು, ಜ್ವರ ಎಲ್ಲ ನಡುವೆ ಬಂದೇ ಬರುತ್ತವೆ. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ ಅಂತಲೂ ಅದೇ ಅಧ್ಯಯನ ಹೇಳಿದೆ. ಹೊತ್ತು ನೋಡಿ ಮಾಡುವ ಬದಲು ಒಂದು ಕೆಲಸದ ಬಾಲಕ್ಕೆ ಇನ್ನೊಂದನ್ನು ಕಟ್ಟಿ. "ರಾತ್ರಿ 9.30ಕ್ಕೆ" ಅಂತ ಇಟ್ಟುಕೊಂಡರೆ ರೈಲು ತಡವಾದ ದಿನ ತಪ್ಪುತ್ತದೆ, "ತಟ್ಟೆ ಎತ್ತಿಟ್ಟ ತಕ್ಷಣ" ಅಂತ ಇಟ್ಟುಕೊಂಡರೆ ತಪ್ಪುವುದಿಲ್ಲ.

ಇಷ್ಟಕ್ಕೆ ಸಕ್ಕರೆ ಕಾಯಿಲೆಯನ್ನು ನಿಜವಾಗಿ ತಡೆಯಬಹುದಾ? ಚೆನ್ನೈನಲ್ಲಿ ಗಡಿಯಲ್ಲಿದ್ದ 531 ಜನರ ಮೇಲೆ ಮೂರು ವರ್ಷ ನಡೆದ ಅಧ್ಯಯನ 2006ರಲ್ಲಿ ಬಂತು. ಏನೂ ಮಾಡದವರಲ್ಲಿ 55% ಜನರಿಗೆ ಕಾಯಿಲೆ ಬಂತು. ಊಟ ಮತ್ತು ನಡಿಗೆ ಸರಿಮಾಡಿಕೊಂಡವರಲ್ಲಿ 39%. ಅಂದರೆ ಅಪಾಯ ಚೆನ್ನಾಗಿ ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಗಮನಿಸಿ, ಅವರು ಊಟವನ್ನೂ ಬದಲಿಸಿದ್ದರು. ನಡಿಗೆಯ ಜೊತೆ ತಟ್ಟೆಯಲ್ಲಿ ಅನ್ನ ಒಂದು ಸೌಟು ಕಡಿಮೆ ಮಾಡಿ ಪಲ್ಯ, ಕಾಳು ಜಾಸ್ತಿ ಮಾಡಿ. ಸಂಜೆ ರೈಲಿನಲ್ಲಿ ಬರುವ ಚುರುಮುರಿ ಸರಿ, ಬಿಸ್ಕತ್ತು ಬೇಡ. ನಿಮಗೆ ಬಸುರಿಯಲ್ಲಿದ್ದಾಗ ಸಕ್ಕರೆ ಬಂದಿತ್ತಾ, ಅಪ್ಪ ಅಮ್ಮನಿಗೆ ಇದೆಯಾ ಅನ್ನುವುದನ್ನು ನಿಮ್ಮ ಡಾಕ್ಟರಿಗೆ ಹೇಳಿ. ಹೌದಾದರೆ ಅವರು ಇನ್ನಷ್ಟು ಬಿಗಿಯಾಗಿ ಗಮನಿಸಬೇಕಾಗುತ್ತದೆ.

ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೆ ಮುಂಚೆ ಮತ್ತೆ ಮಾಡಿಸಬೇಡಿ, ಅದು ಸುಮಾರು ಅಷ್ಟು ಅವಧಿಯ ಸರಾಸರಿಯಾದ್ದರಿಂದ ಬೇಗ ಮಾಡಿಸಿದರೆ ದುಡ್ಡು ದಂಡ. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಮುಟ್ಟಿನ ರಕ್ತಸ್ರಾವ ಹೆಚ್ಚಿರುವ ಹೆಂಗಸರಲ್ಲಿ ಇದು ಅಪರೂಪವೇನಲ್ಲ, ನಿಮ್ಮ 6.1ರಲ್ಲೂ ಅದರ ಪಾಲು ಇರಬಹುದು. ಬಿಪಿಯನ್ನು ಮನೆಯಲ್ಲೇ ನೋಡಿಕೊಳ್ಳುವುದಾದರೆ ತೋಳಿಗೆ ಕಟ್ಟುವ ಯಂತ್ರ ತನ್ನಿ, ಮಣಿಕಟ್ಟಿನದ್ದು ಬೇಡ. ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಲಿ, ಐದು ನಿಮಿಷ ಸುಮ್ಮನೆ ಕೂತು, ಕಾಲು ನೆಲಕ್ಕೆ ತಾಗಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ಎರಡು ಸಲ ಅಳೆಯಿರಿ. ಮನೆಯ ಲೆಕ್ಕದಲ್ಲಿ ವಾರವಿಡೀ 135/85 ದಾಟುತ್ತಿದ್ದರೆ ಮೂರು ತಿಂಗಳು ಕಾಯಬೇಡಿ, ಬರೆದಿಟ್ಟ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ.